ಮುಂಬಯಿ ವಿಶ್ವವಿದ್ಯಾಲಯದ ಹೊಸ್ತಿಲೂ ಕನ್ನಡ ಜಿಲ್ಲೆಗಳ ಹಳ್ಳಿಯ ವಿದ್ಯಾರ್ಥಿಯೂ

1857ರಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ಮೂರು ವಿಶ್ವವಿದ್ಯಾಲಯಗಳು ಸ್ಥಾಪಿತವಾದುವು. ಇವುಗಳಲ್ಲಿ ಮುಂಬಯಿಯ ವಿಶ್ವವಿದ್ಯಾಲಯವು ಧಾರವಾಡ, ಬೆಳಗಾವಿ ಜಿಲ್ಲೆಗಳಿಗೂ, ಮುಂದೆ ವಿಜಾಪುರವೆನಿಸಿದ ಕಲಾದಗಿ ಸೀಮೆಗೂ, 1862ರಲ್ಲಿ ಮದರಾಸು ಪ್ರಾಂತದಿಂದ ಬೇರ್ಪಟ್ಟು ಮುಂಬಯಿಗೆ ಸೇರಿದ ಉತ್ತರ ಕನ್ನಡಕ್ಕೂ ಉಚ್ಚ ಶಿಕ್ಷಣದ ಅಧಿಕಾರ ಪೀಠವಾಯಿತು. ಕಾಯಿದೆಯ ದೃಷ್ಟಿಯಲ್ಲಿ ಅದರ ಬಾಗಿಲು ಎಲ್ಲರಿಗೂ ತೆರೆದಿತ್ತು. ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದವನು ಯಾವ ಊರಿನವನೆಂದು ಕೇಳುವ ನಿಯಮವಿರಲಿಲ್ಲ. ಆದರೂ ಹಳ್ಳಿಯ ಹುಡುಗನೊಬ್ಬನು ಆ ಹೊಸ್ತಿಲನ್ನು ದಾಟುವುದು ಬಹುಕಾಲ ಅಪೂರ್ವವೆನಿಸಿತ್ತು. ಇದಕ್ಕೆ ಕಾರಣಗಳೇನು, ಆ ಕಾರಣಗಳು ಯಾವ ಕ್ರಮದಲ್ಲಿ ನಿವಾರಣೆಯಾದುವು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮುಂಬಯಿ ವಿಶ್ವವಿದ್ಯಾಲಯವನ್ನು ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಕಟ್ಟಲಾಗಿತ್ತು. ಮೊದಲಿಗೆ ಅದು ಪರೀಕ್ಷೆ ನಡೆಸಿ ಪದವಿ ನೀಡುವ ಸಂಸ್ಥೆಯೇ ಹೊರತು ಪಾಠ ಹೇಳುವ ಸಂಸ್ಥೆಯಾಗಿರಲಿಲ್ಲ. ಮಹಾದೇವ ಗೋವಿಂದ ರಾನಡೆಯವರೇ ಮೊದಲಾದವರು 1859ರ ಪ್ರಥಮ ಮ್ಯಾಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ 1862ರಲ್ಲಿ ಮೊದಲ ಪದವೀಧರರಾದರು. ಮ್ಯಾಟ್ರಿಕ್ಯುಲೇಶನ್ ಎಂಬುದೇ ವಿಶ್ವವಿದ್ಯಾಲಯದ ಹೆಬ್ಬಾಗಿಲು. ಅದರ ಭಾಷೆ ಇಂಗ್ಲಿಷು. ಅದಕ್ಕೆ ಸಿದ್ಧಗೊಳಿಸುವ ಹೈಸ್ಕೂಲುಗಳು ಇದ್ದುದು ಬಹುಮಟ್ಟಿಗೆ ಜಿಲ್ಲೆಯ ಮುಖ್ಯ ಪಟ್ಟಣಗಳಲ್ಲಿ. ಅದನ್ನು ದಾಟಿದ ಮೇಲೆ ಸೇರಬೇಕಾದ ಕಾಲೇಜುಗಳು ಮುಂಬಯಿ ಪುಣೆಗಳಲ್ಲಿ.

ಹೀಗಾಗಿ ಹಳ್ಳಿಯ ವಿದ್ಯಾರ್ಥಿಗೆ ಇದ್ದುದು ಒಂದು ಪರೀಕ್ಷೆಯಲ್ಲ, ನಾಲ್ಕು. ತನ್ನ ಊರಿನಲ್ಲಿ ತನ್ನ ಭಾಷೆಯ ಶಾಲೆ ದೊರೆಯಬೇಕು. ಪಟ್ಟಣದ ಹೈಸ್ಕೂಲಿನಲ್ಲಿ ಇಂಗ್ಲಿಷನ್ನು ಸಾಧಿಸಬೇಕು. ಆ ಪಟ್ಟಣದಲ್ಲಿ ಅನ್ನವೂ ಆಶ್ರಯವೂ ಸಿಕ್ಕಬೇಕು. ಕೊನೆಗೆ ದೂರದ ಪರಭಾಷಾ ನಗರದಲ್ಲಿ ಕೆಲವು ವರ್ಷ ಬಾಳುವ ವೆಚ್ಚ ಒದಗಬೇಕು.

ಮೊದಲನೆಯ ಅಡ್ಡಿಯೇ ಚಿಕ್ಕದಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಈ ಜಿಲ್ಲೆಗಳ ಅನೇಕ ಸರಕಾರಿ ಶಾಲೆಗಳಲ್ಲಿ ಮರಾಠಿಯೇ ಪಾಠದ ಭಾಷೆಯಾಗಿತ್ತು. ಶಿಕ್ಷಣ ಇಲಾಖೆಯಲ್ಲಿದ್ದ ಡೆಪ್ಯುಟಿ ಚನ್ನಬಸಪ್ಪನವರು, ರಸೆಲ್ ಸಾಹೇಬರ ಬೆಂಬಲ ಪಡೆದು, ಕನ್ನಡ ಶಾಲೆಗಳನ್ನು ಹೆಚ್ಚಿಸಿದುದು ಹಳ್ಳಿಯ ಮಕ್ಕಳ ಪಾಲಿಗೆ ಮೊದಲ ಮೆಟ್ಟಿಲಾಯಿತು. ಅವರ ಸೇವೆಯನ್ನು ಭಾಷಾಭಿಮಾನದ ದೃಷ್ಟಿಯಿಂದ ನಾವು ಸ್ಮರಿಸುತ್ತೇವೆ. ಉಚ್ಚ ಶಿಕ್ಷಣದ ಇತಿಹಾಸದಲ್ಲಿಯೂ ಅದಕ್ಕೆ ಸ್ಥಾನ ಸಲ್ಲಬೇಕು. ಮನೆಯ ಮಾತಿನಲ್ಲಿ ಓದುಬರಹ ಕಲಿಯದ ಬಾಲಕನು ಮುಂದಿನ ಮೆಟ್ಟಿಲುಗಳ ಬಳಿಗೆ ಬರುವುದೇ ಇಲ್ಲ.

ಎರಡನೆಯ ಅಡ್ಡಿಯ ಹಿಂದೆ ಸರಕಾರದ ಹಣದ ಪ್ರಶ್ನೆಯಿತ್ತು. 1882ರಲ್ಲಿ ಹಂಟರರ ಶಿಕ್ಷಣ ಆಯೋಗದ ಮುಂದೆ ಜೋತೀರಾವ್ ಫುಲೆಯವರು ಇದನ್ನು ಬಿಚ್ಚಿಟ್ಟರು. ಬೊಕ್ಕಸದ ಬಹುಭಾಗ ರೈತನ ದುಡಿಮೆಯಿಂದ ತುಂಬುತ್ತದೆ, ಉಚ್ಚ ಶಿಕ್ಷಣದ ಫಲವಾದರೋ ಮೇಲಿನ ವರ್ಗಗಳಿಗೆ ಸಲ್ಲುತ್ತದೆ ಎಂಬುದು ಅವರ ವಾದದ ತಿರುಳು. ಭೂಕಂದಾಯ ತೆರುತ್ತಿದ್ದ ಕನ್ನಡ ಜಿಲ್ಲೆಗಳ ಒಕ್ಕಲಿಗನಿಗೂ ಈ ಮಾತು ಪೂರ್ಣವಾಗಿ ಅನ್ವಯಿಸುತ್ತಿತ್ತು. ಮೊದಲ ಪದವೀಧರರಾದ ಅರುವತ್ತು ವರ್ಷಗಳ ಅನಂತರವಲ್ಲದಿದ್ದರೂ ಐವತ್ತು ವರ್ಷ ಮೀರಿದ ಮೇಲೆಯೇ ಅವನ ಸೀಮೆಯಲ್ಲಿ ಒಂದು ಕಾಲೇಜು ಕಾಣಿಸಿಕೊಂಡಿತು.

ಮೂರನೆಯದು ಅನ್ನದ ಪ್ರಶ್ನೆ. ಶುಲ್ಕವನ್ನು ಹೇಗಾದರೂ ಹೊಂದಿಸಬಹುದು. ದಿನಕ್ಕೆ ಎರಡು ಹೊತ್ತಿನ ಊಟವನ್ನು ವರ್ಷವಿಡೀ ಹೊಂದಿಸುವುದು ಬಡವನಿಗೆ ಸಾಧ್ಯವಿರಲಿಲ್ಲ. ಬ್ರಾಹ್ಮಣ ಹುಡುಗರಿಗೆ ವಾರಾನ್ನದ ಪದ್ಧತಿ ನೆರವಾಯಿತು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದಿ ಮುಂದೆ ಬಂದವರು ಅಸಂಖ್ಯರು. ಆದರೆ ಆ ಪಂಕ್ತಿಯಲ್ಲಿ ಇತರರಿಗೆ ಎಡೆಯಿರಲಿಲ್ಲ. ಈ ಕೊರತೆಯನ್ನು ತುಂಬಿದುದು ಮಠಗಳ ಪ್ರಸಾದನಿಲಯಗಳು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಸ್ವಾಮಿಗಳು ನಡೆಸಿದ ಉಚಿತ ಪ್ರಸಾದನಿಲಯ ಇದಕ್ಕೆ ಪ್ರಸಿದ್ಧ ನಿದರ್ಶನ. ಗಡಿಯಾಚೆಗೆ ಕೊಲ್ಲಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಬೇರೆಬೇರೆ ಸಮಾಜಗಳ ವಿದ್ಯಾರ್ಥಿನಿಲಯಗಳಿಗೆ ಆಶ್ರಯವಿತ್ತರು. 1906ರಲ್ಲಿ ನಿಧನರಾದ ಸಿರಸಂಗಿ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ಸಮಾಜದ ವಿದ್ಯಾರ್ಥಿಗಳ ಶಿಕ್ಷಣಕ್ಕೆ ಬರೆದಿಟ್ಟರು. ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಈ ಯಾವ ಪಂಕ್ತಿಯೂ ಸುಲಭವಾಗಿರಲಿಲ್ಲ. ಡಾ. ಅಂಬೇಡ್ಕರರು 1928ರಲ್ಲಿ ಸ್ಥಾಪಿಸಿದ ದಲಿತ ವರ್ಗಗಳ ಶಿಕ್ಷಣ ಸಂಸ್ಥೆಯು ನಡೆಸಿದ ವಸತಿಗೃಹಗಳಲ್ಲಿ ಧಾರವಾಡದ್ದೂ ಒಂದಾಗಿತ್ತೆಂಬುದನ್ನು ಕನ್ನಡಿಗರು ಮರೆಯಲಾಗದು. ಒಂದೊಂದು ಸಮಾಜವು ತನ್ನ ಮಕ್ಕಳಿಗಷ್ಟೇ ಊಟವಿಕ್ಕಿತೆಂಬುದು ಆ ಕಾಲದ ಮಿತಿ. ಯಾವ ಸಮಾಜಕ್ಕೆ ದಾನಿಗಳಿರಲಿಲ್ಲವೋ ಅದರ ಮಕ್ಕಳು ಹಿಂದೆಯೇ ಉಳಿದರು. ಹಳ್ಳಿಯ ಹೆಣ್ಣುಮಕ್ಕಳಂತೂ ಈ ಲೆಕ್ಕದಲ್ಲಿ ಬಹುಕಾಲ ಸೇರಲೇ ಇಲ್ಲ.

ನಾಲ್ಕನೆಯದು ದೂರ. 1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆ ಧಾರವಾಡದ ಸೀಮೆಗೆ ಬಂದ ಮೇಲೆ ಪ್ರಯಾಣ ಹಗುರವಾಯಿತು. ಕರಾವಳಿಯವರಿಗೆ ಮಳೆಗಾಲದ ಹೊರತು ಆಗಬೋಟು ಇದ್ದೇ ಇತ್ತು. ಆದರೆ ವಾಸದ ವೆಚ್ಚವನ್ನು ರೈಲು ಇಳಿಸಲಾರದು. 1885ರಲ್ಲಿ ಆರಂಭವಾದ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಆಲೂರ ವೆಂಕಟರಾಯರೂ ಮುಂದೆ ದ. ರಾ. ಬೇಂದ್ರೆಯವರೂ ಓದಿದರು. ಬೇಂದ್ರೆಯವರಿಗೆ ಚಿಕ್ಕಪ್ಪನವರ ಆಸರೆಯಿತ್ತು. ಅಂಥ ಆಸರೆಯಿಲ್ಲದ ಹಳ್ಳಿಗನು ಮ್ಯಾಟ್ರಿಕ್ ಮುಗಿಸಿ ಶಾಲಾ ಮಾಸ್ತರನೋ ಕಚೇರಿಯ ಕಾರಕೂನನೋ ಆಗಿ ನಿಲ್ಲುತ್ತಿದ್ದನು. ಹೊಸ್ತಿಲು ದಾಟುವ ಯೋಗ್ಯತಾಪತ್ರ ಅವನ ಕೈಯಲ್ಲಿಯೇ ಇರುತ್ತಿತ್ತು.

ಈ ಸ್ಥಿತಿ ಬದಲಾದುದು 1917ರಲ್ಲಿ. ರೊದ್ದ ಶ್ರೀನಿವಾಸರಾಯರೂ ಅರಟಾಳ ರುದ್ರಗೌಡರೂ ನಿಧಿ ಕೂಡಿಸಲು ಶ್ರಮಿಸಿದ ಫಲವಾಗಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಪ್ರಾರಂಭವಾಯಿತು. ಅದರ ಹಿಂದಿನ ವರ್ಷ, 1916ರಲ್ಲಿ, ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಹುಟ್ಟಿ ಹೈಸ್ಕೂಲನ್ನು ತೆರೆದಿತ್ತು. 1933ರಲ್ಲಿ ಅದೇ ಸಂಸ್ಥೆಯ ಲಿಂಗರಾಜ ಕಾಲೇಜು ಬಂದಿತು. ಪರೀಕ್ಷೆ ಅದೇ ಮುಂಬಯಿ ವಿಶ್ವವಿದ್ಯಾಲಯದ್ದು, ಅದರ ಕಠಿಣತೆಯೂ ಅದೇ. ಆದರೂ ಹಳ್ಳಿಯ ಹುಡುಗರ ಹೆಜ್ಜೆಗಳು ಕಾಲೇಜಿನ ಕಡೆಗೆ ಹೊರಳಿದುವು. ಗೋಕಾಕ ತಾಲೂಕಿನ ಮಮದಾಪುರದಲ್ಲಿ ಹುಟ್ಟಿದ ದಾ. ಚಿ. ಪಾವಟೆಯವರು ಕರ್ನಾಟಕ ಕಾಲೇಜಿನಲ್ಲಿ ಓದಿ, ಕೇಂಬ್ರಿಜ್ಜಿನಲ್ಲಿ ಗಣಿತದ ರ‍್ಯಾಂಗ್ಲರ್ ಆಗಿ, 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಅವರ ಪ್ರತಿಭೆ ಅಸಾಧಾರಣವೆಂಬುದು ನಿಜ. ಆದರೆ ಅದು ಅರಳಲು ಹತ್ತಿರದಲ್ಲೊಂದು ಕಾಲೇಜಿತ್ತು.

1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪಿತವಾಯಿತು. ಅದೇ ವರ್ಷ ಮ್ಯಾಟ್ರಿಕ್ಯುಲೇಶನ್ನಿನ ಸ್ಥಾನಕ್ಕೆ ಪ್ರೌಢಶಾಲಾ ಮಂಡಳಿಯ ಎಸ್. ಎಸ್. ಸಿ. ಪರೀಕ್ಷೆ ಬಂದಿತು. ಅಲ್ಲಿಗೆ ಒಂದು ಅಧ್ಯಾಯ ಮುಗಿಯಿತು.

ಈಗ ಹೊಸ ಹೊಸ್ತಿಲುಗಳಿವೆ. 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ತರಗತಿಗಳಿಗೆ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದಿದ್ದು, ಅದನ್ನು ಬರೆಯಬಹುದಾದ 13 ಭಾಷೆಗಳಲ್ಲಿ ಕನ್ನಡವೂ ಒಂದಾಗಿದೆ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇಕಡಾ 15ರಷ್ಟು ಮೀಸಲಾತಿಯಿದೆ. ಭಾಷೆಯ ಅಡ್ಡಿ ತಗ್ಗಿದೆ. ಅನ್ನ, ವಸತಿ, ಸಿದ್ಧತೆಗಳ ವೆಚ್ಚವು ರೂಪಾಂತರ ಹೊಂದಿ ಉಳಿದಿದೆ. ವಾರಾನ್ನದ ಸ್ಥಾನದಲ್ಲಿ ಖಾಸಗಿ ತರಬೇತಿಯ ಶುಲ್ಕವೂ ನಗರದ ಬಾಡಿಗೆಯೂ ನಿಂತಿವೆ. ಹಿಂದಿನ ಅರವತ್ತು ವರ್ಷಗಳ ಅನುಭವವನ್ನು ಗಮನಿಸಿದರೆ, ಪರೀಕ್ಷೆಯ ನಿಯಮಕ್ಕಿಂತ ಊಟದ ಮನೆಯೂ ಹತ್ತಿರದ ವಿದ್ಯಾಲಯವೂ ಹಳ್ಳಿಯ ವಿದ್ಯಾರ್ಥಿಯ ಭಾಗ್ಯವನ್ನು ಹೆಚ್ಚಾಗಿ ನಿರ್ಧರಿಸಿದುವೆಂದು ಹೇಳಬೇಕಾಗುತ್ತದೆ.

ಪದವೀಧರರ ಹೆಸರುಗಳು ವಿಶ್ವವಿದ್ಯಾಲಯದ ಪಂಚಾಂಗಗಳಲ್ಲಿ ಸಿಗುತ್ತವೆ; ಅವರಿಗೆ ಅನ್ನವಿಕ್ಕಿದ ಮನೆಗಳ, ಮಠಗಳ, ವಸತಿಗೃಹಗಳ ಲೆಕ್ಕದ ಪುಸ್ತಕಗಳು ಹಾಗೆ ಸುಲಭವಾಗಿ ಸಿಗುವುದಿಲ್ಲ. ಯಾವ ಊರಿನ ಎಷ್ಟು ಹುಡುಗರು ಎಷ್ಟು ವರ್ಷ ಉಂಡರು, ಅದಕ್ಕೆ ಹಣ ಯಾರಿಂದ ಬಂದಿತು ಎಂಬುದನ್ನು ತಿಳಿಸುವ ಸಾಧನ ಅವೇ. ಅಂಥ ಪುಸ್ತಕಗಳು ಯಾರ ಮನೆಯ ಅಟ್ಟದಲ್ಲಿಯಾದರೂ ಉಳಿದಿದ್ದರೆ, ಹುಳುವಿಗೆ ಆಹಾರವಾಗುವ ಮೊದಲು ಅವುಗಳ ಪ್ರತಿ ತೆಗೆಸುವುದು ನಮ್ಮ ಸಂಘಗಳು ಕೈಗೊಳ್ಳತಕ್ಕ ಕಾರ್ಯವಾಗಿದೆ.