‘ಅನ್‌ಫಿಟ್’ ಪತ್ರದ ಎರಡು ಕಾಲ: ಬೀದರ್ ಸೀಮೆಯ ಸಾರಿಗೆ ನೌಕರರು ಮತ್ತು ಅಂಗವೈಕಲ್ಯದ ಕಾನೂನು

ಬೀದರ್, ಭಾಲ್ಕಿ, ಔರಾದ್ ಡಿಪೊಗಳ ಚಾಲಕನಿಗೆ ಕಣ್ಣು ಮಂಜಾದರೆ, ಅಪಘಾತದಲ್ಲಿ ಕಾಲು ಹೋದರೆ, ವೈದ್ಯಕೀಯ ಮಂಡಳಿ ‘ಅನ್‌ಫಿಟ್’ ಎಂದು ಬರೆಯುತ್ತದೆ. ಒಂದು ಕಾಲಕ್ಕೆ ಆ ಪತ್ರ ಆಡಳಿತದ ಕೈಯ ಆಯುಧವಾಗಿತ್ತು. 1996ರ ನಂತರ ಅದೇ ಪತ್ರ ನೌಕರನ ಸಾಕ್ಷ್ಯವಾಯಿತು.

ಇಲ್ಲಿನ ಸಾರಿಗೆಯ ಬೇರು ಹೈದರಾಬಾದಿನಲ್ಲಿದೆ. ನಿಜಾಮ್ ಸರ್ಕಾರ 1932ರಲ್ಲಿ ರೈಲ್ವೆಯ ಅಂಗವಾಗಿ 27 ಬಸ್ಸುಗಳಿಂದ ಈ ಸೇವೆ ಆರಂಭಿಸಿತು. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. 2000ದಲ್ಲಿ ಈಶಾನ್ಯ ಸಾರಿಗೆ ನಿಗಮ ಹುಟ್ಟಿತು, ಅದೇ ಇಂದಿನ ಕಲ್ಯಾಣ ಕರ್ನಾಟಕ ಸಾರಿಗೆ.

ಮೊದಲಿಗೆ ಕಾನೂನು ಕಳೆದುಹೋದ ಅಂಗಕ್ಕೆ ಬೆಲೆ ಕಟ್ಟುತ್ತಿತ್ತು, ನೌಕರಿ ಉಳಿಸುತ್ತಿರಲಿಲ್ಲ. 1923ರ ಕಾರ್ಮಿಕ ಪರಿಹಾರ ಕಾಯ್ದೆ ಗಳಿಕೆಯ ನಷ್ಟವನ್ನು ಲೆಕ್ಕ ಹಾಕಿ ಹಣ ಕೊಡಿಸುತ್ತಿತ್ತು. ದೀರ್ಘ ಅನಾರೋಗ್ಯದ ಕಾರಣಕ್ಕೆ ಕೆಲಸದಿಂದ ತೆಗೆದರೆ ಅದು ‘ರಿಟ್ರೆಂಚ್‌ಮೆಂಟ್’ (ಪರಿಹಾರಕ್ಕೆ ಅರ್ಹವಾದ ಕೆಲಸ ಕಡಿತ) ಅಲ್ಲ ಎಂದು ಕೈಗಾರಿಕಾ ವಿವಾದ ಕಾಯ್ದೆಯೇ ಹೇಳುತ್ತಿತ್ತು. ದೃಷ್ಟಿ ಕುಂದಿದ ರಾಜಸ್ಥಾನದ ಬಸ್ ಚಾಲಕರು ಹೂಡಿದ ಆನಂದ್ ಬಿಹಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವ್ಯಾಖ್ಯೆಯನ್ನು ಒಪ್ಪಿತು. ಆದರೆ ಬಸ್ಸು ಓಡಿಸಿಯೇ ಕಣ್ಣು ಕಳೆದುಕೊಂಡವರನ್ನು ಬರಿಗೈಯಲ್ಲಿ ಕಳಿಸುವುದು ಅನ್ಯಾಯವೆಂದು ಬದಲಿ ಕೆಲಸದ ಯೋಜನೆಗೆ ಆದೇಶಿಸಿತು. ನನ್ನ ದೃಷ್ಟಿಯಲ್ಲಿ ಹೊಸ ಕಾನೂನಿನ ಬೀಜ ಇಲ್ಲಿದೆ.

1996ರ ಫೆಬ್ರವರಿ 7ರಂದು ಜಾರಿಗೆ ಬಂದ ಅಂಗವಿಕಲರ ಕಾಯ್ದೆಯ 47ನೇ ಕಲಂ ಸ್ಪಷ್ಟವಾಗಿತ್ತು. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ; ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು; ಅಂಥ ಹುದ್ದೆ ಇಲ್ಲವಾದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಬೇಕು. ಅಶಕ್ತತಾ ಪಿಂಚಣಿ ಕೊಟ್ಟ ಮಾತ್ರಕ್ಕೆ ಈ ಹೊಣೆ ತಪ್ಪದೆಂದು ಸುಪ್ರೀಂ ಕೋರ್ಟಿನ 2003ರ ಕುನಾಲ್ ಸಿಂಗ್ ತೀರ್ಪು ಹೇಳಿತು. ‘ಲೈಟ್ ಡ್ಯೂಟಿ’ ಎಂದು ಡಿಪೊಗಳಲ್ಲಿ ಕೇಳಿ ಪಡೆಯುತ್ತಿದ್ದ ಕೃಪೆ ಹೀಗೆ ಹಕ್ಕಾಯಿತು.

ಹಕ್ಕಿದ್ದರೆ ಸಾಲದು, ನ್ಯಾಯಾಲಯ ಕೈಗೆಟುಕಬೇಕು. ವಜಾಗೊಂಡವರು ಸರ್ಕಾರದ ಶಿಫಾರಸಿಗೆ ಕಾಯದೆ ಆರು ತಿಂಗಳೊಳಗೆ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಲು ಕರ್ನಾಟಕದ ತಿದ್ದುಪಡಿ 1988ರಲ್ಲೇ ದಾರಿ ಮಾಡಿತ್ತು. ಹೈಕೋರ್ಟಿಗೆ ಮಾತ್ರ ಔರಾದಿನವರು ಬೆಂಗಳೂರಿಗೇ ಹೋಗಬೇಕಿತ್ತು. ಕಾಲು ಕಳೆದುಕೊಂಡವನಿಗೆ ಸುಮಾರು 700 ಕಿಲೋಮೀಟರ್ ಪ್ರಯಾಣವೇ ಒಂದು ಶಿಕ್ಷೆ! 2008ರಲ್ಲಿ ಕಲಬುರಗಿಗೆ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಬೀದರ್ ಜಿಲ್ಲೆಯ ನೌಕರನಿಗೆ ಈ ಪೀಠ ಯಾವ ಕಲಮಿಗೂ ಕಡಿಮೆಯದಲ್ಲ.

2025ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್, ಬಣ್ಣಗುರುಡಿನ ಕಾರಣಕ್ಕೆ ಕೆಲಸ ಕಳೆದುಕೊಂಡಿದ್ದ ನೆರೆಯ ತೆಲಂಗಾಣದ ಸಾರಿಗೆ ಚಾಲಕರೊಬ್ಬರಿಗೆ ಬದಲಿ ಹುದ್ದೆ ಕೊಡಿಸಿತು. ಅವರಿಗೆ ಆಧಾರವಾದದ್ದು 1979ರಲ್ಲಿ ಕಾರ್ಮಿಕ ಸಂಘಟನೆಗಳು ಮಾಡಿಕೊಂಡಿದ್ದ ಒಪ್ಪಂದ. ತೆಲಂಗಾಣ ಸಾರಿಗೆ ಅದೇ ನಿಜಾಮ್ ಸಾರಿಗೆಯ ಇನ್ನೊಂದು ಕವಲು. ಸಂಘದ ಹಳೆಯ ಕಡತಗಳನ್ನು ಇಲ್ಲಿಯೂ ತೆಗೆದು ಓದಬೇಕಾಗಿದೆ.

ಹಳೆಯ ಅಂಗವಿಕಲರ ಕಾಯ್ದೆಯ ಜಾಗಕ್ಕೆ ಬಂದ 2016ರ ಕಾಯ್ದೆ ಅಂಗವೈಕಲ್ಯದ ಬಗೆಗಳನ್ನು 7ರಿಂದ 21ಕ್ಕೆ ಏರಿಸಿತು. ನೌಕರಿ ಉಳಿಸುವ ಅದರ 20(4)ನೇ ಕಲಮಿನ ಮಾತು ಮಾತ್ರ ಸರ್ಕಾರಿ ಸಂಸ್ಥೆಗಳಿಗಷ್ಟೇ ಸೀಮಿತ. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಖಾಸಗಿ ಕಾರ್ಖಾನೆಯಲ್ಲಿ ಕೈ ಕಳೆದುಕೊಂಡವರಿಗೆ ಆ ಕಲಂ ಬದಲಿ ಹುದ್ದೆ ಕೊಡಿಸದು.