ಹೊಲಿಗೆಯೂ ಒಂದು ದಾಖಲೆ

ಕಳೆದ ದೀಪಾವಳಿಗೆ ಮುನ್ನ ಕುಷಾಯಿಗೂಡದ ನಮ್ಮ ಮನೆಯಲ್ಲಿ ಅಟ್ಟದ ಮೇಲಿನ ಟ್ರಂಕನ್ನು ಕೆಳಗಿಳಿಸಿದೆವು. ಅದರ ತಳದಲ್ಲಿ ಅಜ್ಜನ ಕಪ್ಪು ಶೇರವಾನಿ ಮಡಿಕೆಯಾಗಿ ಬಿದ್ದಿತ್ತು. ನಿಜಾಮರ ಕಾಲದಲ್ಲಿ ಕಲಬುರ್ಗಿಯ ಕಚೇರಿಗೆ ಅವರು ತೊಟ್ಟು ಹೋಗುತ್ತಿದ್ದ ಉಡುಪು. ದೊಡ್ಡಪ್ಪನವರು ಅದನ್ನು ಕಂಡೊಡನೆ, "ಅದು ನಮ್ಮ ಅರಿವಿ ಅಲ್ಲಪಾ, ಅಪ್ಪ ನೌಕರಿಗಾಗಿ ತೊಟ್ಟಿದ್ದು. ಭಾಂಡೆ ಮಾರಾಕಿಗೆ ಕೊಟ್ಟುಬಿಡ್ರಿ" ಎಂದರು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಗೆ ಮೊದಲಿನ ದಿನಗಳನ್ನು ಅವರು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡವರು. ಅವರ ಮಾತಿಗೆ ಎದುರಾಡುವುದು ನಮ್ಮಿಂದಾಗಲಿಲ್ಲ.

ಆದರೂ ಬಟ್ಟೆ ಗಟ್ಟಿಯಾಗಿತ್ತು. ಬಿಚ್ಚಿ ಮಕ್ಕಳಿಗೆ ಏನಾದರೂ ಹೊಲಿಸೋಣವೆಂದು ನಮ್ಮ ಬೀದಿಯ ದರ್ಜಿಯ ಬಳಿಗೆ ಒಯ್ದೆವು. ಆತ ಅದನ್ನು ತಿರುವಿ ಹಾಕಿ ನೋಡಿ, "ಸಾರ್, ಇದರ ತೋಳು ಕೋಟಿನ ತೋಳು. ಇಂಥ ಕೆಲಸವನ್ನು ಬಿಚ್ಚಬಾರದು" ಎಂದ. ಆ ಒಂದು ಮಾತು ನಮ್ಮನ್ನು ಇತಿಹಾಸದ ಕಡೆಗೆ ತಿರುಗಿಸಿತು.

ಶೇರವಾನಿಯು 19ನೆಯ ಶತಮಾನದ ಉಡುಪು. ನಮ್ಮ ನಾಡಿನ ಅಂಗರಖಾ ಮತ್ತು ಇಂಗ್ಲಿಷರ ಫ್ರಾಕ್ ಕೋಟು ಇವೆರಡೂ ಕೂಡಿ ಆದದ್ದು. ನಮ್ಮ ಹಳೆಯ ಅಂಗಿಗಳಲ್ಲಿ ತೋಳೆಂದರೆ ನೇರವಾದ ಒಂದೇ ತುಂಡು. ಕಂಕುಳಿನಲ್ಲಿ ಒಂದು ಚೌಕದ ಪಟ್ಟಿ. ಕೋಟಿನ ತೋಳಾದರೋ ಮೊಣಕೈಯ ಬಾಗಿಗೆ ತಕ್ಕಂತೆ ಎರಡು ತುಂಡುಗಳಲ್ಲಿ ಕತ್ತರಿಸಿ, ಭುಜದ ಗುಂಡಗಿನ ಸುತ್ತಿಗೆ ಕೂಡಿಸಿದ್ದು. ಯೂರೋಪಿನ ದರ್ಜಿಗಳು ಈ ವಿದ್ಯೆಯನ್ನು ಹೇಗೆ ಬೆಳೆಸಿದರೆಂದು ತಿಳಿಯಲು ಅಲ್ಲಿಯ ಹಳೆಯ ಉಡುಪುಗಳನ್ನು ಶೋಧಿಸಿದವರ ಬರಹಗಳನ್ನೇ ಓದಬೇಕಾಯಿತು.

ದರ್ಜಿಯ ಕೆಲಸದ ಬಗೆಗೆ ಅಚ್ಚಾದ ಬಹು ಹಳೆಯ ಪುಸ್ತಕಗಳಲ್ಲಿ ಒಂದು, ಸ್ಪೇನಿನ ಹುವಾನ್ ದೆ ಅಲ್ಸೆಗಾ 1580ರಲ್ಲಿ ಮ್ಯಾಡ್ರಿಡ್‌ನಲ್ಲಿ ಪ್ರಕಟಿಸಿದ್ದು. ಇಷ್ಟು ಪನ್ನದ ಬಟ್ಟೆಯಲ್ಲಿ ತುಂಡುಗಳನ್ನು ಹೇಗೆ ಹೊಂದಿಸಿದರೆ ಕಡಿಮೆ ಪೋಲಾಗುತ್ತದೆ ಎಂಬುದನ್ನು ಚಿತ್ರ ಬರೆದು ತೋರಿಸಿದ್ದಾನೆ. ಆಗ ದರ್ಜಿಯ ಕೂಲಿಗಿಂತ ಬಟ್ಟೆಯೇ ದುಬಾರಿ! ಆದರೆ ಒಳಗಿನ ಅಸ್ತರು ಹೇಗಿತ್ತು, ಹೊಲಿಗೆ ಎಂಥದು ಎಂಬುದು ಪುಸ್ತಕದಿಂದ ತಿಳಿಯದು. ಅದಕ್ಕೆ ಉಳಿದುಬಂದ ಉಡುಪನ್ನೇ ಕೇಳಬೇಕು.

ಹಾಗೆ ಕೇಳಿದವರಲ್ಲಿ ಇಂಗ್ಲೆಂಡಿನ ಜಾನೆಟ್ ಆರ್ನಾಲ್ಡ್ (1932–1998) ಮುಖ್ಯರು. ವಸ್ತುಸಂಗ್ರಹಾಲಯಗಳಲ್ಲಿ ಕುಳಿತು, ಒಂದೊಂದು ಉಡುಪನ್ನೂ ಅಳೆದು, ಇಂಚಿಗೆ ಎಂಟನೆಯ ಒಂದು ಭಾಗದ ಪ್ರಮಾಣದಲ್ಲಿ ನಕ್ಷೆ ಬರೆದರು. ಅವರ ನಕ್ಷೆಗಳ ಮೊದಲ ಸಂಪುಟ 1964ರಲ್ಲಿ ಬಂದಿತು. 1985ರ ಸಂಪುಟದಲ್ಲಿ, 1562ರಲ್ಲಿ ತೀರಿಕೊಂಡ ಫ್ಲಾರೆನ್ಸಿನ ರಾಜಪತ್ನಿ ಎಲೆಯೊನೋರಾಳ ಸಮಾಧಿಯಿಂದ ದೊರೆತ ಜೀರ್ಣವಾದ ರೇಷ್ಮೆಯ ಗೌನಿನ ನಕ್ಷೆ ಕೂಡ ಇದೆ. ಅಂಥ ನಕ್ಷೆ ಹಿಡಿದು ಇಂದಿನವರು ಅಂದಿನ ಉಡುಪನ್ನು ಹೊಲಿದು ತೊಟ್ಟು ನೋಡುತ್ತಾರೆ. ತೊಟ್ಟಾಗಲೇ ಅಂದಿನವರು ಹೇಗೆ ನಿಲ್ಲುತ್ತಿದ್ದರು, ಕೈಯನ್ನು ಎಷ್ಟು ಎತ್ತಬಲ್ಲವರಾಗಿದ್ದರು ಎಂಬುದು ತಿಳಿಯುವುದು.

ಇದರಲ್ಲಿ ನಮ್ಮ ನೆಲದ ಪಾಲೂ ಉಂಟು. ಗೋಲ್ಕೊಂಡದ ಸುಲ್ತಾನರ ಬಂದರು ಮಚಲೀಪಟ್ಟಣ. ಇಂಗ್ಲಿಷರು ಅಲ್ಲಿ 1611ರಲ್ಲಿ ಕೋಠಿ ತೆರೆದರು. ಆ ಕರಾವಳಿಯ ಬಣ್ಣ ಬರೆದ ಹತ್ತಿಬಟ್ಟೆಗೆ ಯೂರೋಪಿನ ಹೆಂಗಸರು ಎಷ್ಟು ಮರುಳಾದರೆಂದರೆ, ತಮ್ಮ ನೇಕಾರರನ್ನು ಉಳಿಸಲು ಫ್ರಾನ್ಸ್ 1686ರಿಂದ 1759ರವರೆಗೆ ಅದನ್ನು ನಿಷೇಧಿಸಿತು. ಇಂಗ್ಲೆಂಡ್ ಕೂಡ 1700 ಮತ್ತು 1720ರಲ್ಲಿ ಕಾಯಿದೆ ಮಾಡಿತು. ಕೋರಮಂಡಲದ ಆ ಬಟ್ಟೆಯಲ್ಲಿ ಹೊಲಿದ ಗೌನುಗಳು ಇಂದಿಗೂ ಲಂಡನ್ನಿನ ಸಂಗ್ರಹಾಲಯದಲ್ಲಿವೆ. ಅಂದಮೇಲೆ ಯಾವುದು ಅವರ ಉಡುಪು, ಯಾವುದು ನಮ್ಮದು?

ನಮ್ಮ ಊರಿನಲ್ಲಿ ಹಳೆಯ ಉಡುಪು ಉಳಿದಿಲ್ಲವೇ ಎಂದು ಪುರಾನಿ ಹವೇಲಿಗೆ ಹೋಗಿಬಂದೆವು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ (1866–1911) ಉಡುಪಿನ ಕಪಾಟು ಅಲ್ಲಿ ಅರಮನೆಯ ಒಂದು ಪಾರ್ಶ್ವದ ಉದ್ದಕ್ಕೂ ಎರಡಂತಸ್ತಾಗಿ ಹಬ್ಬಿದೆ. ಮೇಲೇರಲು ಕೈಯಿಂದ ತಿರುಗಿಸುವ ಮರದ ಲಿಫ್ಟು! ದೊರೆಯ ಉಡುಪು ಹೀಗೆ ಉಳಿಯುತ್ತದೆ. ಗುಮಾಸ್ತನ ಉಡುಪು? ಯೂರೋಪಿನಲ್ಲೂ ಬಡವರ ಬಟ್ಟೆ ಸವೆದು ಚಿಂದಿಯಾಗಿ ಕಾಗದದ ಕಾರ್ಖಾನೆ ಸೇರಿತು. ಅಲ್ಲಿಯ ವಿದ್ವಾಂಸರ ದೊಡ್ಡ ಕೊರಗೇ ಇದು.

ಇದನ್ನೆಲ್ಲ ಕೇಳಿ ದರ್ಜಿಗೂ ಹುರುಪು ಬಂದಿತು. ಹೊಲಿಗೆ ಬಿಚ್ಚದೆಯೇ, ಹಾಸಿನ ಒಂದು ಎಳೆಯನ್ನು ನೇರಗೆರೆಯಾಗಿ ಹಿಡಿದು, ಅಲ್ಲಿಂದ ಪ್ರತಿಯೊಂದು ಹೊಲಿಗೆಗೂ ಇರುವ ದೂರವನ್ನು ಅಳೆದು ಕಾಗದಕ್ಕಿಳಿಸಿದೆವು. ಆ ನಕ್ಷೆಯಂತೆ ಆತ ಮಾಂಜರಪಾಟಿನಲ್ಲಿ ಇನ್ನೊಂದು ಶೇರವಾನಿ ಹೊಲಿದ. ಬಲಭುಜ ಎಡಕ್ಕಿಂತ ಅರ್ಧ ಇಂಚು ಇಳಿದಿತ್ತು. ಮೊದಲು ಅಳತೆ ತಪ್ಪಿತೆಂದುಕೊಂಡೆವು. ಮತ್ತೆ ಅಳೆದರೂ ಅಷ್ಟೇ. ಅಜ್ಜನ ಹೆಗಲೇ ಹಾಗಿತ್ತೆಂದು ದೊಡ್ಡಪ್ಪ ಹೇಳಿದರು. ನಾವು ಅವರನ್ನು ನೋಡಿದ್ದು ಮಸುಕಾದ ಒಂದೇ ಫೋಟೋದಲ್ಲಿ. ಅವರು ನಿಂತ ರೀತಿ ಅಂದು ಗೊತ್ತಾಯಿತು.

ಇನ್ನೊಂದು ಸಂಗತಿ. ಬಲತೋಳಿನ ತುದಿಯ ಅಸ್ತರು ಸವೆದಲ್ಲಿ ಒಂದು ತೇಪೆಯಿತ್ತು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಇದು ಅವ್ವನ ಇಳಕಲ್ ಸೀರಿ" ಎಂದರು. ಆಮೇಲೆ ಭಾಂಡೆಯವಳ ಮಾತು ಅವರು ಎತ್ತಲಿಲ್ಲ. ಶೇರವಾನಿಯನ್ನು ಹೊಗಳಲೂ ಇಲ್ಲ. ಹಳೆಯ ಉಡುಪನ್ನು ಉಳಿಸುವುದೆಂದರೆ ಹಳೆಯ ಆಳ್ವಿಕೆಯನ್ನು ಕೊಂಡಾಡುವುದಲ್ಲ. ಅದರ ಕೆಳಗೆ ನಮ್ಮವರು ಹೇಗೆ ಬದುಕಿದರೆಂಬುದನ್ನು ಮರೆಯದಿರುವುದು.

1956ರ ನವೆಂಬರ್ 1ರಂದು ಕಲಬುರ್ಗಿ, ರಾಯಚೂರು, ಬೀದರುಗಳು ಮೈಸೂರು ರಾಜ್ಯಕ್ಕೆ ಸೇರಿದವು. ನಾವೋ ಹೊಟ್ಟೆಪಾಡಿಗೆ ಮತ್ತೆ ಹೈದರಾಬಾದಿಗೇ ಬಂದೆವು. ನಮ್ಮಂಥ ಎಷ್ಟು ಮನೆಗಳ ಟ್ರಂಕುಗಳಲ್ಲಿ ಇಂಥ ಉಡುಪುಗಳಿವೆಯೋ! ಬಂಧುಗಳು ಅವನ್ನು ಬಿಚ್ಚಬಾರದು, ಅವಸರಪಟ್ಟು ಒಗೆಯಲೂಬಾರದು. ಒಗೆದ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ತೊಟ್ಟವರ ಹೆಸರು, ಊರು, ಕಾಲವನ್ನು ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಜೊತೆಗಿಡಿ. ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ. ತೇಪೆಯ ಗುರುತು ಹಿಡಿಯಬಲ್ಲವರು ಅವರೊಬ್ಬರೇ.