ಹಿಮದಂಚಿನ ಕಡಲ ದನಿಗಳು

ನಾರ್ವೆಯ ಧ್ವನಿಕಲಾವಿದೆ ಯಾನಾ ವಿಂಡೆರೆನ್ (ಜನನ 1965) ಅವರ ‘ಸ್ಪ್ರಿಂಗ್ ಬ್ಲೂಮ್ ಇನ್ ದ ಮಾರ್ಜಿನಲ್ ಐಸ್ ಝೋನ್’ ಎಂಬ ಧ್ವನಿಕೃತಿಯು, ಬ್ಯಾರೆಂಟ್ಸ್ ಸಮುದ್ರದಲ್ಲಿ ಹೆಪ್ಪುಗಟ್ಟಿದ ಕಡಲು ತೆರೆದ ನೀರನ್ನು ಸಂಧಿಸುವ ಹಿಮದಂಚಿನ ವಲಯದ ಸದ್ದುಗಳಿಂದ ರೂಪುಗೊಂಡಿದ್ದು, 2018ರಲ್ಲಿ ಧ್ವನಿಮುದ್ರಿಕೆಯಾಗಿ ಹೊರಬಂದಿತು.

ಲಲಿತಕಲೆಯೊಂದಿಗೆ ಗಣಿತ, ರಸಾಯನಶಾಸ್ತ್ರ ಮತ್ತು ಮೀನುಗಳ ಪರಿಸರವಿಜ್ಞಾನವನ್ನೂ ಅಭ್ಯಸಿಸಿರುವ ಈ ಕಲಾವಿದೆ, ನೀರಿನೊಳಗಿನ ಧ್ವನಿಕಂಪನಗಳನ್ನು ವಿದ್ಯುತ್ ಸಂಕೇತಗಳನ್ನಾಗಿ ಮಾರ್ಪಡಿಸುವ ಹೈಡ್ರೋಫೋನ್ ಎಂಬ ಉಪಕರಣವನ್ನು ಕಡಲಿಗಿಳಿಸಿ, ಗಡ್ಡದ ಸೀಲ್‌ಗಳ ಕೂಗು, ಗೂನುಬೆನ್ನಿನ ತಿಮಿಂಗಿಲಗಳ ದನಿ, ಮೊಟ್ಟೆಯಿಡುವ ಕಾಡ್ ಮೀನುಗಳ ಗುರುಗುಟ್ಟುವಿಕೆ ಹಾಗೂ ಸರಿದಾಡುವ ಮಂಜುಗಡ್ಡೆಯ ಸದ್ದನ್ನು ಒಂದೇ ಶ್ರವ್ಯರಚನೆಯಲ್ಲಿ ಹೆಣೆದಿದ್ದಾರೆ. ವಸಂತದಲ್ಲಿ ಮಂಜು ಕರಗಿ ಬೆಳಕು ನೀರಿಗಿಳಿದಾಗ ಈ ಹಿಮದಂಚಿನ ವಲಯದಲ್ಲಿ ಸಸ್ಯಪ್ಲವಕಗಳು, ಅಂದರೆ ಸೂರ್ಯನ ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುವ ತೇಲುವ ಸೂಕ್ಷ್ಮಜೀವಿಗಳು, ಅಪಾರ ಪ್ರಮಾಣದಲ್ಲಿ ವೃದ್ಧಿಸುತ್ತವೆ. ಆ ವಲಯದ ಆಹಾರಜಾಲವು ಬಹುಮಟ್ಟಿಗೆ ಇವುಗಳನ್ನೇ ಆಧರಿಸಿದ್ದು, ಭೂಮಿಯಲ್ಲಿ ಉತ್ಪತ್ತಿಯಾಗುವ ಆಮ್ಲಜನಕದ ಸುಮಾರು ಅರ್ಧಭಾಗವು ಸಾಗರದ ಇಂತಹ ಜೀವಿಗಳಿಂದ ದೊರೆಯುತ್ತದೆ.

ಸಮುದ್ರದ ನೀರಿನಲ್ಲಿ ಧ್ವನಿಯು ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ, ಎಂದರೆ ಗಾಳಿಗಿಂತ ನಾಲ್ಕು ಪಟ್ಟಿಗೂ ಮಿಗಿಲಾಗಿ, ಚಲಿಸುವುದರಿಂದ ಬೆಳಕು ತಲುಪದ ಆಳದಲ್ಲಿ ಜೀವಿಗಳು ಸಂಗಾತಿ, ಆಹಾರ ಮತ್ತು ದಾರಿಯನ್ನು ಅರಸಲು ಧ್ವನಿಯನ್ನೇ ಅವಲಂಬಿಸುತ್ತವೆ. ಹಡಗುಗಳ ಪ್ರೊಪೆಲರ್‌ಗಳೂ ತೈಲನಿಕ್ಷೇಪ ಹುಡುಕುವ ಏರ್‌ಗನ್‌ಗಳೂ ಹೊಮ್ಮಿಸುವ ಗದ್ದಲವು ಈ ಸಂವಹನವನ್ನು ಮುಚ್ಚಿಹಾಕುತ್ತಿದೆ. ತಾಪಮಾನ ಏರಿಕೆಯಿಂದ ಮಂಜು ಕುಗ್ಗಿದಷ್ಟೂ ಆರ್ಕ್ಟಿಕ್‌ನಲ್ಲಿ ಹಡಗು ಸಂಚಾರಕ್ಕೆ ಹೊಸ ದಾರಿಗಳು ತೆರೆಯುತ್ತಿವೆ. ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆಯು ಹಡಗುಗಳ ಸದ್ದು ತಗ್ಗಿಸಲು 2014ರಲ್ಲಿ ಮಾರ್ಗಸೂಚಿ ಹೊರಡಿಸಿ, 2023ರಲ್ಲಿ ಪರಿಷ್ಕರಿಸಿದೆಯಾದರೂ ಅದರ ಪಾಲನೆ ಐಚ್ಛಿಕ. ಪ್ಲಾಸ್ಟಿಕ್‌ನಂತೆ ಶಬ್ದವು ನೀರಿನಲ್ಲಿ ಉಳಿಯದೆ, ಮೂಲ ನಿಂತೊಡನೆ ಇಲ್ಲವಾಗುವುದರಿಂದ, ಈ ಮಾಲಿನ್ಯವನ್ನು ತಡೆಯುವುದು ಮನುಷ್ಯರ ಕೈಯಲ್ಲೇ ಇದೆ.